ನವೆಂಬರ್ 19ಕ್ಕೆ ಕಾಯುವವರು

ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಬಸ್ಸಿಗೆ ನಿಂತ ಕಾಲೇಜು ಹುಡುಗರನ್ನು, 2026ರ ನವೆಂಬರ್ 19 ಯಾವ ವಾರ ಎಂದು ಕೇಳಿ ನೋಡಿ. ಕ್ಯಾಲೆಂಡರ್ ನೋಡದೆ ಗುರುವಾರ ಎನ್ನುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ರಾಕ್‌ಸ್ಟಾರ್ ಗೇಮ್ಸ್ ಎಂಬ ಕಂಪನಿ ‘ಗ್ರ್ಯಾಂಡ್ ಥೆಫ್ಟ್ ಆಟೊ 6’ ಎಂಬ ವಿಡಿಯೊ ಗೇಮನ್ನು ಬಿಡುಗಡೆ ಮಾಡುವುದಾಗಿ ಹೇಳಿರುವ ದಿನ ಅದು. ಹುಡುಗರ ಬಾಯಲ್ಲಿ ಅದು ಬರೀ ಜಿಟಿಎ ಸಿಕ್ಸ್. ಮನೆಯ ಹಿರಿಯರಿಗೆ ಈ ಕಾಯುವಿಕೆ ಅರ್ಥವಾಗುವುದಿಲ್ಲ. ಒಂದು ಆಟಕ್ಕಾಗಿ ಇಷ್ಟು ವರ್ಷ ಕಾಯುವುದುಂಟೇ ಎಂದು ಕೇಳುತ್ತಾರೆ. ಇಂದಿನ ಅಂಕಣ ಅಂಥವರಿಗಾಗಿ.

ಈ ಸರಣಿಯ ಐದನೇ ಆಟ ಬಂದದ್ದು 2013ರ ಸೆಪ್ಟೆಂಬರ್ 17ರಂದು. ಆಗ ಪಿಯುಸಿಯಲ್ಲಿದ್ದವರಿಗೆ ಈಗ ಮದುವೆಯಾಗಿ ಮಕ್ಕಳಾಗಿವೆ. ಆ ಆಟ ಜಗತ್ತಿನಾದ್ಯಂತ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಮುಂದಿನದನ್ನು ಮಾಡುತ್ತಿದ್ದೇವೆ ಎಂದು ಕಂಪನಿ ಒಪ್ಪಿಕೊಂಡದ್ದೇ 2022ರ ಫೆಬ್ರವರಿಯಲ್ಲಿ. ಮೊದಲ ಟ್ರೇಲರನ್ನು 2023ರ ಡಿಸೆಂಬರ್ 5ರಂದು, ನಮ್ಮ ಲೆಕ್ಕದಲ್ಲಿ ಸಂಜೆ ಏಳೂವರೆಗೆ, ಬಿಡುವುದೆಂದು ಸಾರಿದ್ದರು. ಅದು ಮೊದಲೇ ಸೋರಿಹೋಗಿ, ಕಂಪನಿ ತಾನೇ ಅವಸರದಲ್ಲಿ ಬಿಡುವಾಗ ನಮ್ಮಲ್ಲಿ ಇನ್ನೂ ನಸುಕು. ಒಂದೇ ದಿನದಲ್ಲಿ ಅದನ್ನು ನೋಡಿದ ಲೆಕ್ಕ 9 ಕೋಟಿ ದಾಟಿತು. ಬಿಡುಗಡೆ 2025ರಲ್ಲಿ ಎಂದರು. ಆಮೇಲೆ 2025ರ ಶರತ್ಕಾಲ ಎಂದರು. 2025ರ ಮೇ 2ರಂದು, ಇಲ್ಲ, 2026ರ ಮೇ 26ಕ್ಕೆ ಎಂದರು. 2025ರ ನವೆಂಬರ್ 6ರಂದು ಮತ್ತೆ ಮುಂದೂಡಿ ಈ ನವೆಂಬರ್ 19ನ್ನು ಕೊಟ್ಟರು.

ಕೊಟ್ಟಾರದ ಹುಡುಗನಿಗೆ ಅಮೆರಿಕದ ಈ ಆಟದ ಮೇಲೆ ಇಷ್ಟು ಪ್ರೀತಿ ಹೇಗೆ ಬಂತು? ಉತ್ತರ 2002ರ ‘ವೈಸ್ ಸಿಟಿ’ಯಲ್ಲಿದೆ. ಆ ಆಟ ಮಂಗಳೂರಿಗೆ ಮುಟ್ಟಿದ್ದು ಸೈಬರ್ ಕೆಫೆಗಳ ಮೂಲಕ, ಒಬ್ಬರಿಂದೊಬ್ಬರಿಗೆ ಕೈಬದಲಾದ ಸಿ.ಡಿ.ಗಳ ಮೂಲಕ. ಆ ಸಿ.ಡಿ.ಗಳಲ್ಲಿ ಅಸಲಿ ಎಷ್ಟಿದ್ದವು ಎಂದು ಯಾರೂ ಕೇಳಲಿಲ್ಲ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು, ಒಂದೇ ಕುರ್ಚಿಯಲ್ಲಿ ಇಬ್ಬರು ಕೂತು, ಒಬ್ಬ ಆಡುವಾಗ ಇನ್ನೊಬ್ಬ ದಾರಿ ಹೇಳುತ್ತಿದ್ದ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಚೀಟ್ ಕೋಡುಗಳ ಪಟ್ಟಿ ಇರುತ್ತಿತ್ತು. ‘ಪ್ಯಾಂಜರ್’ ಎಂದು ಟೈಪ್ ಮಾಡಿದರೆ ನಡುರಸ್ತೆಯಲ್ಲಿ ಟ್ಯಾಂಕರ್ ಅಲ್ಲ, ಸೈನ್ಯದ ಟ್ಯಾಂಕೇ ಬಂದು ನಿಲ್ಲುತ್ತಿತ್ತು. ‘ಲೀವ್ ಮಿ ಅಲೋನ್’ ಎಂದರೆ ಬೆನ್ನುಹತ್ತಿದ ಪೊಲೀಸರು ಹಿಂದೆ ಸರಿಯುತ್ತಿದ್ದರು. ಇಂಗ್ಲಿಷ್ ಮೀಡಿಯಂ ಮಕ್ಕಳೂ ಕನ್ನಡ ಮೀಡಿಯಂ ಮಕ್ಕಳೂ ತುಳುವಿನಲ್ಲಿ ಒಂದೇ ಆಟದ ಬಗ್ಗೆ ಮಾತಾಡಿದ ಕಾಲ ಅದು. ಕಡಲು, ತೆಂಗಿನಂಥ ಮರಗಳ ಸಾಲು, ಸೆಖೆ, ಧೋ ಎಂದು ಬರುವ ಮಳೆ ಎಲ್ಲ ಆ ಊರಲ್ಲಿತ್ತು. ಕರಾವಳಿಯ ಮಕ್ಕಳಿಗೆ ಅದು ತೀರಾ ಪರಕೀಯ ಎನಿಸದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಹೊಸ ಆಟ ಅದೇ ವೈಸ್ ಸಿಟಿಗೆ ಮರಳುತ್ತಿದೆ. ಜೇಸನ್ ಎಂಬ ಯುವಕ, ಲೂಸಿಯಾ ಎಂಬ ಯುವತಿ, ಲಿಯೊನೈಡಾ ಎಂಬ ಕಲ್ಪಿತ ರಾಜ್ಯ. ಅಂದರೆ ಇವರು ಕಾಯುತ್ತಿರುವುದು ತಾವು ಬೆಳೆದ ಊರುಗಳಲ್ಲಿ ಒಂದಕ್ಕೆ ವಾಪಸು ಹೋಗುವುದಕ್ಕೆ.

(ತಂದೆತಾಯಂದಿರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಸರಣಿ ಅಪರಾಧ ಲೋಕದ ಕಥೆ, ವಯಸ್ಕರಿಗಾಗಿಯೇ ಮಾಡಿದ್ದು. ಐದನೇ ತರಗತಿಯ ಮಗುವಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡುವ ವಸ್ತು ಖಂಡಿತ ಅಲ್ಲ.)

ತುಳುನಾಡಿಗೆ ಕಾಯುವುದು ಹೊಸತಲ್ಲ. ಕಟೀಲು ಯಕ್ಷಗಾನ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮನೆಗಳು ಕೊಟ್ಟಾರದಲ್ಲೂ ಉಂಟು. ನಮ್ಮ ಸರದಿ ಈ ತಿರುಗಾಟದಲ್ಲೋ ಮುಂದಿನದ್ದರಲ್ಲೋ ಎಂದು ಲೆಕ್ಕ ಹಾಕುವ ಅಜ್ಜನಿಗೂ, ರಿಲೀಸ್ ಡೇಟ್ ಎಣಿಸುವ ಮೊಮ್ಮಗನಿಗೂ ಮನಸ್ಸಿನ ಸ್ಥಿತಿ ಬೇರೆಯೇನಲ್ಲ. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಗೆ, ಪತ್ತನಾಜೆ ಬರುತ್ತದೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ಕಳೆದು ನವೆಂಬರ್ ಹೊತ್ತಿಗೆ ಮತ್ತೆ ತಿರುಗಾಟ. ಪತ್ತನಾಜೆಯ ಬೆನ್ನಿಗೆ ಬರಬೇಕಾಗಿದ್ದ ಜಿಟಿಎ ಮೇಳಗಳು ಹೊರಡುವ ಕಾಲಕ್ಕೆ ಹೋಗಿ ನಿಂತದ್ದು ಬರೀ ಕಾಕತಾಳೀಯ. ಆದರೆ ಕೊಟ್ಟಾರದ ಆಟಗಾರನಿಗೆ ಅದರಿಂದ ಅನುಕೂಲವೇ ಆಯಿತು. ಮೇ ಕೊನೆಯೆಂದರೆ ಗುಡುಗು ಸಿಡಿಲಿನ ಕಾಲ. ಸಂಜೆ ಮೋಡ ಕಟ್ಟಿದರೆ ಸಾಕು, ಟಿ.ವಿ., ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ಗನ್ನು ಮನೆಯವರು ಕಿತ್ತಿಡುತ್ತಾರೆ.

ಇನ್ನು ದಿನಾಂಕ ಎನ್ನುವುದು ಹುಟ್ಟುವುದು ಹೇಗೆ ಎಂದು ನೋಡೋಣ. ಆಟ ಸಿದ್ಧವಾದ ಮೇಲೆ ದಿನ ಇಡುತ್ತಾರೆ ಎಂದು ನಾವು ತಿಳಿಯುತ್ತೇವೆ. ದೊಡ್ಡ ಆಟಗಳ ವಿಷಯದಲ್ಲಿ ನಡೆಯುವುದು ಬಹುಮಟ್ಟಿಗೆ ತಿರುಗಾಮುರುಗಾ. ರಾಕ್‌ಸ್ಟಾರ್‌ನ ಒಡೆತನ ಟೇಕ್ ಟು ಎಂಬ ಕಂಪನಿಯದು. ಅದು ಷೇರು ಪೇಟೆಯಲ್ಲಿದೆ, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಅದರ ಹಣಕಾಸು ವರ್ಷ ನಮ್ಮದರಂತೆಯೇ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೊದಲ ಮುಂದೂಡಿಕೆಯಲ್ಲಿ ಆಟ ಒಂದು ಹಣಕಾಸು ವರ್ಷದಿಂದ ಇನ್ನೊಂದಕ್ಕೆ ಜಿಗಿಯಿತು. ಎರಡನೆಯದರಲ್ಲಿ ಹಾಗಾಗಲಿಲ್ಲ, ಮೇ 26 ಮತ್ತು ನವೆಂಬರ್ 19 ಎರಡೂ ಒಂದೇ ಹಣಕಾಸು ವರ್ಷದೊಳಗಿವೆ. ಎರಡೂ ಸಲ ಷೇರಿನ ಬೆಲೆ ಕುಸಿಯಿತಾದರೂ, ಎರಡನೆಯ ಸಲ ವರ್ಷದ ಲೆಕ್ಕದಲ್ಲಿ ಆಟದ ದುಡ್ಡು ಉಳಿಯಿತು. ನವೆಂಬರ್ 19ರ ಮುಂದಿನ ಗುರುವಾರ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್. ಅಲ್ಲಿಂದ ಕ್ರಿಸ್‌ಮಸ್‌ವರೆಗೆ ಅಲ್ಲಿ ವ್ಯಾಪಾರದ ಸುಗ್ಗಿ. ದಿನಾಂಕವನ್ನು ಆಟಗಾರರ ಮುಂದೆ ಹೇಳಿದರೂ ಅದು ಮೊದಲು ಮುಟ್ಟುವುದು ಹೂಡಿಕೆದಾರರಿಗೆ.

ದಿನ ಗೊತ್ತಾದ ಮೇಲೂ ಕೆಲಸ ಬೆಟ್ಟದಷ್ಟಿರುತ್ತದೆ. ಪ್ಲೇಸ್ಟೇಷನ್‌ಗೆ ಆಟ ಬರಬೇಕಾದರೆ ಸೋನಿಯವರು, ಎಕ್ಸ್‌ಬಾಕ್ಸ್‌ಗಾದರೆ ಮೈಕ್ರೋಸಾಫ್ಟ್‌ನವರು ಅದನ್ನು ಪರೀಕ್ಷೆ ಮಾಡಿ ಒಪ್ಪಬೇಕು. ಆಟದ ನಡುವೆ ಕಂಟ್ರೋಲರ್ ಕಳಚಿಕೊಂಡರೆ ಏನಾಗುತ್ತದೆ, ಉಳಿಸಿಟ್ಟ ಆಟ ಮತ್ತೆ ಸರಿಯಾಗಿ ತೆರೆಯುತ್ತದೆಯೇ ಎಂಬಂಥ ನೂರಾರು ತಪಾಸಣೆಗಳು. ಡಿಸ್ಕ್ ಅಚ್ಚಿಗೆ ಹೋಗಲು ಸಿದ್ಧವಾದ ಪ್ರತಿಗೆ ಈ ಧಂದೆಯಲ್ಲಿ ‘ಗೋಲ್ಡ್’ ಎಂದು ಹೆಸರು. ಗೋಲ್ಡ್ ಆಯಿತೆಂದರೆ ಮುಗಿಯಿತು ಎಂದು ಅರ್ಥವಿದ್ದದ್ದು ಹಿಂದೆ. ಈಗ ಅಚ್ಚಾದ ಡಿಸ್ಕ್ ಅಂಗಡಿಗೆ ಬರುವಷ್ಟರಲ್ಲಿ ತಿದ್ದುಪಡಿಗಳು ಬೆಳೆದಿರುತ್ತವೆ, ಬಿಡುಗಡೆಯ ದಿನವೇ ಅವನ್ನೂ ಇಳಿಸಿಕೊಳ್ಳಬೇಕು. ಡೌನ್‌ಲೋಡ್ ಮಾಡುವವರಿಗೆ ಮುಂಚಿತವಾಗಿಯೇ ಆಟವನ್ನು ಬೀಗ ಹಾಕಿದ ಸ್ಥಿತಿಯಲ್ಲಿ ಕಳಿಸಿ, ಗಂಟೆ ಬಾರಿಸಿದಾಗ ಕೀಲಿ ಮಾತ್ರ ಕೊಡುತ್ತಾರೆ. ಇದು ನಮ್ಮಂಥ ಊರುಗಳಿಗೆ ಉಪಕಾರ. 100 ಜಿ.ಬಿ.ಯ ಆಟಕ್ಕೆ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಎರಡು ಗಂಟೆಗೆ ಮೇಲೆ ಬೇಕು; 30 ಮೆಗಾಬಿಟ್ ಆದರೆ ಏಳು ಗಂಟೆ ದಾಟುತ್ತದೆ, ಅದೂ ಮನೆಯಲ್ಲಿ ಬೇರೆ ಯಾರೂ ಸಿನಿಮಾ ಹಚ್ಚದಿದ್ದರೆ.

ಈ ಎಲ್ಲ ಕೆಲಸ ಎಲ್ಲೋ ನ್ಯೂಯಾರ್ಕ್, ಎಡಿನ್‌ಬರ್ಗ್‌ಗಳಲ್ಲಿ ಮಾತ್ರ ನಡೆಯುತ್ತದೆ ಎಂಬ ಭಾವನೆ ನಮ್ಮ ಹುಡುಗರಲ್ಲಿದೆ. ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯುವ ಬೆಂಗಳೂರಿನಲ್ಲಿ ರಾಕ್‌ಸ್ಟಾರ್‌ನ ಸ್ಟುಡಿಯೊ ಇದೆ, 2016ರಿಂದ. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ‘ಧ್ರುವ ಇಂಟರ‍್ಯಾಕ್ಟಿವ್’ ಆರಂಭಿಸಿದರು. ಭಾರತದಲ್ಲಿ ವಿಡಿಯೊ ಗೇಮ್ ತಯಾರಿಕೆಗೆಂದೇ ಹುಟ್ಟಿದ ಮೊದಲ ಕಂಪನಿ ಎಂದು ಅದನ್ನೇ ಹೇಳುತ್ತಾರೆ. ಜಗತ್ತಿನ ದೊಡ್ಡ ಆಟಗಳಿಗೆ ಬೇಕಾದ ವಸ್ತುಗಳನ್ನು, ಮುಖ್ಯವಾಗಿ ‘ಫೋರ್ಜಾ’ ಸರಣಿಯ ಕಾರುಗಳಂಥವನ್ನು, ಕಂಪ್ಯೂಟರಿನಲ್ಲಿ ಕೂತು ಕೆತ್ತಿಕೊಟ್ಟವರು ಅಲ್ಲಿನ ಕಲಾವಿದರು. 2016ರ ಕೊನೆಗೆ ಸ್ವೀಡನ್‌ನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು, 2019ರ ಮೇಯಲ್ಲಿ ರಾಕ್‌ಸ್ಟಾರ್ 79 ಲಕ್ಷ ಡಾಲರ್ ಕೊಟ್ಟು ತನ್ನದಾಗಿಸಿಕೊಂಡಿತು. ರಾಕ್‌ಸ್ಟಾರ್ ತನ್ನ ದೊಡ್ಡ ಆಟಗಳನ್ನು ಬೇರೆ ಬೇರೆ ದೇಶದ ಸ್ಟುಡಿಯೊಗಳೆಲ್ಲ ಕೂಡಿ ಮಾಡುವ ಪದ್ಧತಿಯನ್ನು ಇಟ್ಟುಕೊಂಡಿದೆ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ರ ಕೊನೆಯಲ್ಲಿ ಬರುವ ಹೆಸರುಗಳ ಉದ್ದ ಪಟ್ಟಿಯಲ್ಲಿ ಭಾರತದ ಸ್ಟುಡಿಯೊದವರೂ ಇದ್ದಾರೆ. ಆಟಗಾರರು ಸಾಮಾನ್ಯವಾಗಿ ಒತ್ತಿ ದಾಟಿಸಿಬಿಡುವ ಪಟ್ಟಿ ಅದು.

ಬೆಂಗಳೂರಿನ ಮಾತೂ ಬೇಡ. ಕೊಟ್ಟಾರದಿಂದ ಹೆದ್ದಾರಿ 66ರಲ್ಲಿ ಕೂಳೂರು ಸೇತುವೆ ದಾಟಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ ಎಂದು ಹೋದರೆ ಉಡುಪಿ. ಅಲ್ಲಿ ರೋಬೋಸಾಫ್ಟ್ ಕಟ್ಟಿದ ರೋಹಿತ್ ಭಟ್ಟರೇ ‘99 ಗೇಮ್ಸ್’ ಎಂಬ ಸಂಸ್ಥೆಯನ್ನೂ ಕಟ್ಟಿದರು. 2013ರಲ್ಲಿ ‘ಧೂಮ್ 3’ ಸಿನಿಮಾದ ಮೊಬೈಲ್ ಆಟ ಬಂದದ್ದು ಅಲ್ಲಿಂದ, ಮರುವರ್ಷ ಹೋಟೆಲು ನಡೆಸುವ ಆಟ ‘ಸ್ಟಾರ್ ಶೆಫ್’ ಬಂದದ್ದೂ ಅಲ್ಲಿಂದ. ಹೋಟೆಲುಗಳಿಗೇ ಹೆಸರಾದ ಊರಿನಿಂದ ಜಗತ್ತಿಗೆ ಅಡುಗೆಮನೆಯ ಆಟ ಹೋದದ್ದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಮೊಬೈಲ್ ಆಟಗಳ ಬಿಡುಗಡೆಗೆ ಈ ಮಟ್ಟದ ಕಾತರ ಇರುವುದಿಲ್ಲ. ಅವನ್ನು ಮೊದಲು ಒಂದೆರಡು ಸಣ್ಣ ದೇಶಗಳಲ್ಲಿ ಸದ್ದಿಲ್ಲದೆ ಬಿಟ್ಟು, ಜನ ಎಲ್ಲಿ ಬೇಸತ್ತು ನಿಲ್ಲಿಸುತ್ತಾರೆ ಎಂದು ನೋಡಿ, ತಿದ್ದಿ, ಆಮೇಲೆ ಎಲ್ಲೆಡೆ ಕೊಡುತ್ತಾರೆ.

ಕಾಯುವವರ ಅಸಹನೆ ಕೊನೆಗೆ ಯಾರ ಮೇಲೆ ಬೀಳುತ್ತದೆ ಎನ್ನುವುದನ್ನು ನಮ್ಮ ಹುಡುಗರು ತಿಳಿಯಬೇಕು ಎಂಬ ಹಂಬಲ ನನ್ನದು. ‘ಸೈಬರ್‌ಪಂಕ್ 2077’ ಎಂಬ ಪೋಲೆಂಡ್ ದೇಶದ ಆಟವನ್ನು ಘೋಷಿಸಿದ್ದು 2012ರಲ್ಲಿ. 2020ರ ಏಪ್ರಿಲ್ 16 ಎಂದು ದಿನ ಇಟ್ಟು, ಅದನ್ನು ಸೆಪ್ಟೆಂಬರ್ 17ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ, ಗೋಲ್ಡ್ ಆಯಿತೆಂದು ಸಾರಿದ ಮೇಲೂ ಮತ್ತೆ ಡಿಸೆಂಬರ್ 10ಕ್ಕೆ ತಳ್ಳಿದರು. ನೌಕರರಿಗೆ ಕಡ್ಡಾಯ ಹೆಚ್ಚುವರಿ ದುಡಿಮೆ ಇರುವುದಿಲ್ಲ ಎಂದು ಹೇಳಿದ್ದ ಕಂಪನಿ ಕೊನೆಯ ವಾರಗಳಲ್ಲಿ ವಾರಕ್ಕೆ ಆರು ದಿನ ದುಡಿಸಿತು. ಕೊನೆಯ ಸಲ ಮುಂದೂಡಿದಾಗ ಆಟ ಮಾಡುವವರಿಗೆ ಕೊಲೆ ಬೆದರಿಕೆಗಳು ಬಂದವು. ಪ್ರೀತಿಸುವ ವಸ್ತುವನ್ನು ತಯಾರಿಸುವವನಿಗೇ ಕೊಲ್ಲುತ್ತೇನೆ ಎನ್ನುವ ಮಟ್ಟಕ್ಕೆ ನಿರೀಕ್ಷೆ ಹೋದರೆ ಅದನ್ನು ಅಭಿಮಾನ ಎನ್ನಲು ನನಗಾಗುವುದಿಲ್ಲ. 80 ಲಕ್ಷ ಜನ ಮುಂಗಡ ಕೊಟ್ಟು ಕಾದಿದ್ದರು. ಬಂದ ಆಟ ಹಳೆಯ ಪ್ಲೇಸ್ಟೇಷನ್‌ಗಳಲ್ಲಿ ತಡವರಿಸಿ ನಿಲ್ಲುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ದುಡ್ಡು ವಾಪಸು ಕೊಡಲು ಶುರುಮಾಡಿತು. ಅದು ಮರಳಿ ಬಂದದ್ದು 2021ರ ಜೂನ್‌ನಲ್ಲಿ.

ಅವಸರದ ನಿರೀಕ್ಷೆಗೆ ಕನ್ನಡನಾಡಿನದೇ ಉದಾಹರಣೆಯೂ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್ ‘ಫೌಜಿ’ ಎಂಬ ದೇಶಿ ಆಟವನ್ನು ಘೋಷಿಸಿದರು. ಮಾಡುತ್ತಿದ್ದದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನವೆಂಬರ್ 30ರಂದು ಮುಂಗಡ ನೋಂದಣಿ ತೆರೆದಾಗ 24 ಗಂಟೆಯೊಳಗೆ 10 ಲಕ್ಷ ಜನ ಹೆಸರು ಕೊಟ್ಟರು. ಕೊಟ್ಟಾರದ ಮೈದಾನದ ಬದಿಯಲ್ಲಿ ಕೂತು ಮೊಬೈಲ್ ಆಡುತ್ತಿದ್ದ ಮಕ್ಕಳೆಲ್ಲ ಆಗ ಗಣರಾಜ್ಯೋತ್ಸವಕ್ಕೆ ಕಾದರು. 2021ರ ಜನವರಿ 26ರಂದು ಬಂದದ್ದು ಗಾಲ್ವಾನ್ ಕಣಿವೆಯ ಹಿನ್ನೆಲೆಯಲ್ಲಿ ಒಬ್ಬನೇ ಸೈನಿಕ ಬಂದೂಕಿಲ್ಲದೆ ಹೊಡೆದಾಡುವ ಆಟ. ಮಕ್ಕಳು ಬಯಸಿದ್ದು ಗೆಳೆಯರೆಲ್ಲ ಕೂಡಿ ಆಡುವ ಕಾಳಗವನ್ನು. ಅದನ್ನು ಸೇರಿಸಿದ್ದು ತಿಂಗಳುಗಳ ನಂತರ. ಪ್ಲೇ ಸ್ಟೋರ್‌ನಲ್ಲಿ ಅದರ ನಕ್ಷತ್ರಗಳು ಕೆಲವೇ ದಿನಗಳಲ್ಲಿ ಉದುರಿದವು. ಅಲ್ಲಿ ದುಡಿದವರಲ್ಲಿ ಪ್ರತಿಭೆಯ ಕೊರತೆ ಇತ್ತೆಂದು ನಾನು ನಂಬುವುದಿಲ್ಲ. ಇನ್ನೊಂದು ದೇಶದಲ್ಲಿ ವರ್ಷಗಳ ಕಾಲ ಬೆಳೆದ ಆಟಕ್ಕೆ ಬದಲಿಯನ್ನು ಕೆಲವೇ ತಿಂಗಳಲ್ಲಿ ಕೊಡಬೇಕೆಂದು ಇಡೀ ದೇಶ ನೋಡುತ್ತಿತ್ತು. ಆ ಭಾರವನ್ನು ಹೊರುವುದು ಸುಲಭವಲ್ಲ. ಪಬ್‌ಜಿ ‘ಬಿಜಿಎಂಐ’ ಎಂಬ ಹೆಸರಿನಲ್ಲಿ ಅದೇ ವರ್ಷ ಜುಲೈ 2ಕ್ಕೆ ಮರಳಿತು. ಮತ್ತೆ 2022ರ ಜುಲೈನಲ್ಲಿ ಅಂಗಡಿಗಳಿಂದ ಮಾಯವಾಗಿ 2023ರ ಮೇಯಲ್ಲಿ ಬಂತು. ಮೊಬೈಲಿನಲ್ಲಿ ಆಡುವವರ ಪಾಲಿಗೆ ಕಾಯುವುದೆಂದರೆ ಹೊಸ ಆಟಕ್ಕಿಂತ ಹೆಚ್ಚಾಗಿ, ಇದ್ದ ಆಟ ಮರಳಿ ಸಿಗುವುದಕ್ಕೆ.

ಇದಕ್ಕೆಲ್ಲ ವಿರುದ್ಧವಾದ ಒಂದು ಕಥೆ ಹೇಳದೆ ಇರಲಾರೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಟೀಮ್ ಚೆರಿ ಎಂಬ ಸಣ್ಣ ತಂಡ, ಬೆರಳೆಣಿಕೆಯ ಜನ. 2017ರಲ್ಲಿ ಅವರು ‘ಹಾಲೋ ನೈಟ್’ ಎಂಬ ಕೈಯಲ್ಲಿ ಬಿಡಿಸಿದ ಚಿತ್ರಗಳಂತಿರುವ ಕೀಟಲೋಕದ ಆಟ ಮಾಡಿದರು. ಅದರ ಮುಂದಿನ ಭಾಗ ‘ಸಿಲ್ಕ್‌ಸಾಂಗ್’ ಎಂದು 2019ರ ಫೆಬ್ರವರಿ 14ರಂದು ಹೇಳಿದರು. ನಂತರ ವರ್ಷಗಳ ಮೌನ. ಜಗತ್ತಿನ ಯಾವ ಗೇಮ್ ಸಮಾರಂಭ ನಡೆದರೂ ಇದರ ಸುದ್ದಿ ಬಂತೇ ಎಂದು ಜನ ಕಾದರು. 2025ರ ಆಗಸ್ಟ್ 21ರಂದು, ಎರಡೇ ವಾರದಲ್ಲಿ ಬಿಡುತ್ತೇವೆ ಎಂದರು. ಮುಂಗಡ ಖರೀದಿ ಇಲ್ಲ. ಸೆಪ್ಟೆಂಬರ್ 4ರ ಸಂಜೆ ನಮ್ಮ ಗಡಿಯಾರದಲ್ಲಿ ಏಳೂವರೆಗೆ ಬಾಗಿಲು ತೆರೆದಾಗ ಸ್ಟೀಮ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಎಲ್ಲರ ಅಂಗಡಿಗಳೂ ನೂಕುನುಗ್ಗಲಿಗೆ ಕುಸಿದವು. ಸ್ಟೀಮ್ ಒಂದರಲ್ಲೇ ಏಕಕಾಲಕ್ಕೆ 5 ಲಕ್ಷಕ್ಕೂ ಹೆಚ್ಚು ಜನ ಆಡಿದರು. ಇಷ್ಟು ತಡ ಯಾಕೆ ಎಂದು ಕೇಳಿದವರಿಗೆ ತಂಡ ಹೇಳಿದ್ದರ ಸಾರ ಇಷ್ಟೇ: ಕೆಲಸ ಎಲ್ಲೂ ನಿಂತಿರಲಿಲ್ಲ, ಮಾಡುವುದು ಖುಷಿಯಾಗಿತ್ತು, ಆದ್ದರಿಂದ ಬೆಳೆಯಿತು. ಷೇರುದಾರರಿಲ್ಲದ ತಂಡಕ್ಕೆ ಮಾತ್ರ ಸಿಗುವ ಸ್ವಾತಂತ್ರ್ಯ ಇದು.

ತಡವಾದದ್ದೆಲ್ಲ ಚೆನ್ನಾಗಿರುತ್ತದೆ ಎಂದೂ ಅಲ್ಲ. ‘ಡ್ಯೂಕ್ ನ್ಯೂಕೆಮ್ ಫಾರೆವರ್’ 1997ರಲ್ಲಿ ಘೋಷಣೆಯಾಗಿ 2011ರಲ್ಲಿ ಬಂತು, ಬಂದಾಗ ನಿರಾಸೆ. ಆದರೂ ದಿನ ಮುಂದೆ ಹೋಯಿತೆಂದು ಕೇಳಿದಾಗ ಸಿಟ್ಟಿಗಿಂತ ಸಮಾಧಾನ ಮೇಲು ಎಂದೇ ನನ್ನ ನಿಲುವು. ‘ರೆಡ್ ಡೆಡ್ ರಿಡೆಂಪ್ಷನ್ 2’ ಕೂಡ 2017ರಿಂದ 2018ಕ್ಕೆ ಎರಡು ಸಲ ಜಾರಿ ಬಂದದ್ದು. ಜಿಟಿಎಗೆ ಕಾಯುತ್ತಿರುವ ನನ್ನ ಅಕ್ಕನ ಮಗನಿಗೆ ಇದನ್ನೆಲ್ಲ ನಾನು ವಿವರಿಸಬೇಕಾಗಿಲ್ಲ. ಮೇ ತಿಂಗಳು ತಪ್ಪಿ ನವೆಂಬರ್ ಆದ ಸುದ್ದಿ ಬಂದಾಗ ಅವನೇ ಹೇಳಿದ್ದು: “ಲೇಟಾದ್ರೆ ಆಗ್ಲಿ ಮಾಮ. ಗಡಿಬಿಡಿಯಲ್ಲಿ ಬಿಟ್ಟು ಮತ್ತೆ ಬಗ್ ಸರಿಮಾಡ್ತಾ ಕೂತ್ರೆ ಎಂತ ಪ್ರಯೋಜನ ಉಂಟು?”

ನಾನು ಅವನ ಜತೆ ಪಟ್ಟು ಹಿಡಿಯುವುದು ದುಡ್ಡಿನ ವಿಷಯಕ್ಕೆ. ಮುಂಗಡ ಖರೀದಿಯ ಪದ್ಧತಿ ಹುಟ್ಟಿದ್ದು ಅಂಗಡಿಗೆ ಬರುವ ಡಿಸ್ಕ್‌ಗಳು ಎಣಿಸಿದಷ್ಟೇ ಇದ್ದ ಕಾಲದಲ್ಲಿ. ಮೊದಲೇ ಹೇಳಿಡದಿದ್ದರೆ ನಿಜವಾಗಿಯೂ ಸಿಗುತ್ತಿರಲಿಲ್ಲ. ಡೌನ್‌ಲೋಡ್ ಎಂದೂ ಮುಗಿದುಹೋಗುವ ಸರಕಲ್ಲ. ಹೊಸ ದೊಡ್ಡ ಆಟವೊಂದಕ್ಕೆ ನಮ್ಮಲ್ಲಿ ಐದು ಸಾವಿರ ರೂಪಾಯಿ ಆಸುಪಾಸು. ಮೊದಲ ಕೆಲಸಕ್ಕೆ ಸೇರಿದ ಹುಡುಗನಿಗೆ ಅದು ಪಿ.ಜಿ.ಯ ಬಾಡಿಗೆಯಷ್ಟಾಗುತ್ತದೆ. ವಿಮರ್ಶಕರಿಗೆ ಆಟ ಮೊದಲೇ ಸಿಕ್ಕಿದ್ದರೂ ಕಂಪನಿ ಹೇಳಿದ ಗಳಿಗೆಯವರೆಗೆ ಅವರು ಬಾಯಿ ಬಿಡುವಂತಿಲ್ಲ. ಸೈಬರ್‌ಪಂಕ್‌ನ ವಿಮರ್ಶೆಗಳು ಬಿಡುಗಡೆಗೆ ಮೊದಲು ಬಂದದ್ದು ಒಳ್ಳೆಯ ಕಂಪ್ಯೂಟರ್‌ನಲ್ಲಿ ಆಡಿ ಬರೆದವು; ಹಳೆಯ ಪ್ಲೇಸ್ಟೇಷನ್‌ನಲ್ಲಿ ಅದು ಹೇಗಿದೆ ಎಂದು ಕೊಂಡವರಿಗೇ ಮೊದಲು ಗೊತ್ತಾಯಿತು. ಅದಕ್ಕೆ, ಬಿಡುಗಡೆಯಾಗಿ ಒಂದು ವಾರ ಬಿಡಿ, ನಿಮ್ಮಲ್ಲಿರುವಂಥದೇ ಯಂತ್ರದಲ್ಲಿ ಆಡಿದವರ ಮಾತು ಕೇಳಿ, ಆಮೇಲೆ ಕೊಳ್ಳಿ.

ಅಕ್ಕನ ಮಗನಿಗೆ ಹೇಗೂ ಅವಸರವಿಲ್ಲ, ಏಕೆಂದರೆ ಅವನ ಬಳಿ ಇರುವುದು ಕಂಪ್ಯೂಟರ್. ನವೆಂಬರ್ 19ರ ದಿನ ಘೋಷಿಸಿದಾಗ ಕಂಪನಿ ಹೆಸರಿಸಿದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸನ್ನು ಮಾತ್ರ. ಪಿಎಸ್ 5 ಭಾರತಕ್ಕೆ 2021ರ ಫೆಬ್ರವರಿ 2ರಂದು ಬಂದಾಗಲೇ 49,990 ರೂಪಾಯಿ ಇತ್ತು, ಮನೆಯಲ್ಲಿ ಅದನ್ನು ಕೇಳುವ ಧೈರ್ಯ ಅವನಿಗಿಲ್ಲ. ಜಿಟಿಎ 5 ಕಂಪ್ಯೂಟರಿಗೆ ಬಂದದ್ದು ಹತ್ತೊಂಬತ್ತು ತಿಂಗಳು ತಡವಾಗಿ, 2015ರ ಏಪ್ರಿಲ್ 14ಕ್ಕೆ. ರೆಡ್ ಡೆಡ್ ಬಂದದ್ದು ಒಂದು ವರ್ಷದ ಮೇಲೆ. ಆ ಲೆಕ್ಕ ಹಿಡಿದರೆ 2027ರ ಕೊನೆಯೋ 2028ರ ನಡುವೋ ಆಗಬೇಕು ಎಂದು ಅವನ ಅಂದಾಜು. ಅಷ್ಟರಲ್ಲಿ ಅವನ ಇಂಜಿನಿಯರಿಂಗ್ ಮುಗಿದಿರುತ್ತದೆ. ಹೊಸ ಗ್ರಾಫಿಕ್ಸ್ ಕಾರ್ಡಿಗೆಂದು ಕೂಡಿಡುತ್ತಿದ್ದ ದುಡ್ಡಿನಲ್ಲಿ ಸ್ವಲ್ಪ ತೆಗೆದು ಈಗ ತ್ರೀಡಿ ಮಾಡೆಲಿಂಗ್ ಕಲಿಯಲು ಸೇರಿದ್ದಾನೆ. ರಾತ್ರಿ ಊಟ ಮುಗಿಸಿ ಕೂತು ಆಟೋರಿಕ್ಷಾವೊಂದನ್ನು ಕೆತ್ತುತ್ತಿದ್ದಾನೆ. ಮುಂದಿನ ಚಕ್ರ ಇನ್ನೂ ಸರಿಯಾಗಿ ತಿರುಗುತ್ತಿಲ್ಲವಂತೆ.